ಹೆಬ್ಬಾಗಿಲ ಕಾವಲೂ ಕಚೇರಿಯ ಕೆಲಸವೂ

ಕಾವಲಿಲ್ಲದ ಕಣಜವು ಬಹುಕಾಲ ಉಳಿಯಲಾರದೆಂಬುದನ್ನು ಒಕ್ಕಲುತನ ಬಲ್ಲ ನಮ್ಮ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಣಜದ ಒಡೆಯನೇ ಬಂದು ನಿಂತಾಗ ಆತನ ಗುರುತು ಹಿಡಿಯಲಾರದೆ ಬಾಗಿಲಿಕ್ಕಿಕೊಂಡು ಕುಳಿತಿರುವ ಕಾವಲುಗಾರನಿಂದ ಮನೆಗೆ ಬರುವ ಕೇಡು, ಕಳ್ಳನಿಂದ ಬರುವ ಕೇಡಿಗಿಂತ ಕಡಿಮೆಯದೆಂದು ಹೇಳುವಂತಿಲ್ಲ. ಇಂದಿನ ಕಚೇರಿಗಳಲ್ಲಿ ಇಂಥದೊಂದು ಕಾವಲು ಕಣ್ಣಿಗೆ ಕಾಣದಂತೆ ಕುಳಿತಿದೆ. ಅದರ ಹೆಸರು ಪ್ರಾಕ್ಸಿ. ಅದರ ಮುಂದೆ ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಒಪ್ಪಿಸದೆ ಅಲ್ಲಿಯ ಗುಮಾಸ್ತನ ಬ್ರೌಸರು ಹೊರಜಗತ್ತಿನ ಒಂದು ಪುಟವನ್ನಾದರೂ ತರಲಾರದು. ಈ ಕಾವಲಿನ ಅವಶ್ಯಕತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅದು ನಡೆಯುತ್ತಿರುವ ರೀತಿಯ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳುವುದು ಮಾತ್ರ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮಳೆಗಾಲದ ಒಂದು ಬೆಳಗಿನ ಸಂಗತಿ. ಕಡಬದ ಕಡೆಯ ಘಟ್ಟದ ಬುಡದ ಹಳ್ಳಿಯೊಂದರಿಂದ ಮೊದಲ ಬಸ್ಸಿಗೆ ಹೊರಟು ಬಂದ ವೃದ್ಧ ಕೃಷಿಕರೊಬ್ಬರು ಒಂದು ಕಚೇರಿಯ ಕಿಟಕಿಯ ಮುಂದೆ ನಿಂತಿದ್ದರು. ಆ ಕಚೇರಿ ಯಾವುದು, ಸರಕಾರದ್ದೋ ಖಾಸಗಿಯವರದೋ ಎಂಬುದನ್ನು ಇಲ್ಲಿ ಹೇಳುವುದಿಲ್ಲ; ದೋಷವು ಯಾವ ಒಂದು ಕಚೇರಿಯದೂ ಅಲ್ಲ. ಅವರಿಗೆ ಬೇಕಾಗಿದ್ದುದು ಒಂದು ಹಾಳೆಯ ಕಾಗದ. ಕಿಟಕಿಯ ಒಳಗಿದ್ದ ಗುಮಾಸ್ತರು ಸಜ್ಜನರು, ಕೆಲಸಗಳ್ಳರಲ್ಲ. ಯಂತ್ರದ ಪರದೆಯ ಮೇಲೆ ಚಿಕ್ಕದೊಂದು ಚೌಕ ಕಾಣಿಸಿಕೊಂಡು ಹೆಸರನ್ನೂ ಪಾಸ್‌ವರ್ಡನ್ನೂ ಕೇಳಿತು. ಅವರು ಬರೆದರು. ಚೌಕವು ಮಾಯವಾಗಿ ಮತ್ತೆ ಬಂದಿತು. ಪುನಃ ಬರೆದರು, ಪುನಃ ಬಂದಿತು. ಮೂರು ನಾಲ್ಕು ಸಲ ಹೀಗಾದ ಮೇಲೆ ಗುಮಾಸ್ತರು ಬೆವರೊರೆಸಿಕೊಂಡು, "ಒಳಗೇ ಬಿಡುವುದಿಲ್ಲ ಮಾರಾಯರೇ, ಮಧ್ಯಾಹ್ನದ ಮೇಲೆ ಒಮ್ಮೆ ಬನ್ನಿ" ಎಂದರು. ಆ ವೃದ್ಧರು, "ಯಾರು ಬಿಡುವುದಿಲ್ಲ?" ಎಂದು ಕೇಳಿದರು. ಆ ಪ್ರಶ್ನೆಗೆ ಗುಮಾಸ್ತರಲ್ಲಿ ಉತ್ತರವಿರಲಿಲ್ಲ. ಕೊನೆಗೆ ಪಕ್ಕದ ಮೇಜಿನವರು ತಮ್ಮ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು, ಬಾಗಿಲು ತೆರೆಯಿತು, ಕಾಗದ ದೊರೆಯಿತು. ಎಲ್ಲರೂ ಸಮಾಧಾನಪಟ್ಟರು. ಆದರೆ ವಿಚಾರಿಸಿ ನೋಡಿದರೆ ಅಂದು ಅಲ್ಲಿ ಎರಡು ಅನರ್ಥಗಳು ನಡೆದುವು. ಒಳಗೆ ಹೋಗಲು ಹಕ್ಕುಳ್ಳವನು ಹೊರಗೆ ನಿಂತನು. ಆಮೇಲೆ ಒಳಗೆ ಹೋದವನು ತನ್ನದಲ್ಲದ ಹೆಸರಿನಲ್ಲಿ ಹೋದನು. ಮೊದಲನೆಯದು ಪ್ರಜೆಗೆ ಆದ ತೊಂದರೆ. ಎರಡನೆಯದು ಕಾವಲಿಗೇ ಆದ ಹಾನಿ.

ಕಡಬದ ಜನರಿಗೆ ಇದು ಅಲ್ಪ ವಿಷಯವೆಂದು ಯಾರೂ ತಿಳಿಯಬಾರದು. ಈ ಸೀಮೆಯು ಪುತ್ತೂರು ತಾಲೂಕಿಗೆ ಸೇರಿದ್ದ ಕಾಲದಲ್ಲಿ ತಾಲೂಕಿನ ಕೆಲಸಕ್ಕೆ ಪುತ್ತೂರಿಗೆ ಹೋಗಿ ಬರುವುದರಲ್ಲಿ ಒಂದು ದಿನದ ದುಡಿಮೆಯೇ ಕಳೆದುಹೋಗುತ್ತಿದ್ದುದನ್ನು ಹಿರಿಯರು ಇನ್ನೂ ಮರೆತಿಲ್ಲ. ಕಡಬವು ಪ್ರತ್ಯೇಕ ತಾಲೂಕಾಗಬೇಕೆಂದು ಜನರು ಹಂಬಲಿಸಿದುದು ಫಲಕದ ಮೇಲಿನ ಹೆಸರಿಗಾಗಿ ಅಲ್ಲ. ಕೊಂಬಾರು, ಶಿರಾಡಿ, ಬಿಳಿನೆಲೆಗಳಿಂದ ಹೊರಟವನು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬೇಕೆಂಬ ಆಶೆಯಿಂದ. ಕಚೇರಿಯು ಹತ್ತಿರ ಬಂದಿದ್ದರೂ ಅದರೊಳಗಿನ ಯಂತ್ರದ ಬಾಗಿಲು ತೆರೆಯದಿದ್ದರೆ ಆ ದೂರವು ಹಿಂದಿನಂತೆಯೇ ಉಳಿಯಿತಲ್ಲವೇ? ಹಿಂದೆ ಗುಡ್ಡ ಹೊಳೆಗಳು ಅಡ್ಡವಾಗಿದ್ದುವು. ಈಗ ಅಂಗೈಯಗಲದ ಒಂದು ಚೌಕವು ಅಡ್ಡವಾಗಿದೆ.

ಹಾಗಾದರೆ ಪ್ರಾಕ್ಸಿಯೆಂದರೇನು? ನಮ್ಮ ನ್ಯಾಯಾಲಯಗಳ ಮಾತಿನಲ್ಲಿ ಹೇಳುವುದಾದರೆ ಅದು ಕಚೇರಿಯ ಮುಖ್ತ್ಯಾರ. ಒಳಗಿನ ಯಂತ್ರಗಳು ಹೊರಗಿನ ಜಾಲದೊಡನೆ ನೇರವಾಗಿ ಮಾತನಾಡುವುದಿಲ್ಲ. ತಮಗೆ ಬೇಕಾದುದನ್ನು ಈ ಮುಖ್ತ್ಯಾರನಿಗೆ ಹೇಳುತ್ತವೆ. ಅವನು ಹೊರಗೆ ಹೋಗಿ ತಂದುಕೊಡುತ್ತಾನೆ. ಇದರಿಂದ ಮೂರು ಪ್ರಯೋಜನಗಳುಂಟು. ಕೇಡಿನ ತಾಣಗಳಿಂದ ಬರುವ ರೋಗವು ಕಚೇರಿಯೊಳಕ್ಕೆ ಹರಡದಂತೆ ತಡೆಯಬಹುದು. ಯಾರು ಯಾವಾಗ ಯಾವ ತಾಣಕ್ಕೆ ಹೋದರೆಂಬ ದಾಖಲೆಯನ್ನಿಡಬಹುದು. ಹಲವರು ಕೇಳುವ ಒಂದೇ ವಸ್ತುವನ್ನು ಒಮ್ಮೆ ತಂದಿಟ್ಟುಕೊಂಡು ಎಲ್ಲರಿಗೂ ಹಂಚಬಹುದು. ಈ ಮೂರನೆಯ ಪ್ರಯೋಜನವು, ಪುಟಗಳೆಲ್ಲ ಗೂಢಲಿಪಿಯಲ್ಲಿ ಸಂಚರಿಸುವ ಈ ಕಾಲದಲ್ಲಿ, ಬಹುಮಟ್ಟಿಗೆ ಕುಗ್ಗಿದೆ. ಮೊದಲಿನ ಎರಡು ಮಾತ್ರ ದಿನೇ ದಿನೇ ಹೆಚ್ಚುತ್ತಿವೆ.

ಈ ಏರ್ಪಾಡು ನಿನ್ನೆ ಮೊನ್ನೆಯದಲ್ಲ. ೧೯೯೪ರ ಮೇ ತಿಂಗಳಲ್ಲಿ ಜಿನೀವಾ ನಗರದಲ್ಲಿ ನೆರೆದ ಮೊದಲನೆಯ ವಿಶ್ವವ್ಯಾಪಿ ಜಾಲ ಸಮ್ಮೇಳನದಲ್ಲಿಯೇ ಆರಿ ಲುವೊಟೊನೆನ್, ಕೆವಿನ್ ಆಲ್ಟಿಸ್ ಎಂಬವರು ಪ್ರಾಕ್ಸಿಯ ಕುರಿತು ಪ್ರಬಂಧವನ್ನು ಮಂಡಿಸಿದ್ದರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು ದೊರೆತುದು ಅದರ ಮುಂದಿನ ವರ್ಷ, ೧೯೯೫ರ ಆಗಸ್ಟ್ ೧೫ರಂದು. ೧೯೯೭ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ ೧.೧ರ ವಿಧಿಪತ್ರದಲ್ಲಿ ಪ್ರಾಕ್ಸಿಯು ಹೆಸರು ಕೇಳುವ ಕ್ರಮವನ್ನು ನಿಶ್ಚಯಿಸಲಾಯಿತು. ೨೦೨೨ರ ಜೂನ್ ತಿಂಗಳಲ್ಲಿ ಪರಿಷ್ಕೃತವಾಗಿ ಬಂದ ವಿಧಿಪತ್ರದಲ್ಲಿಯೂ ಆ ಕ್ರಮವು ಉಳಿದುಕೊಂಡಿದೆ. ಆದುದರಿಂದ ಇದು ಹೊಸ ವಿದ್ಯೆ, ಇನ್ನೂ ಪಳಗಿಲ್ಲ ಎಂಬ ಸಬೂಬನ್ನು ಯಾರೂ ಹೇಳುವಂತಿಲ್ಲ.

ಆ ಕ್ರಮವು ಬಹಳ ಸರಳವಾದುದು. ಬ್ರೌಸರು ಒಂದು ಪುಟವನ್ನು ಕೇಳುತ್ತದೆ. ಪ್ರಾಕ್ಸಿಯು ಪುಟವನ್ನು ಕೊಡದೆ '೪೦೭' ಎಂಬ ಅಂಕೆಯನ್ನು ಹಿಂದಕ್ಕೆ ಕಳುಹಿಸುತ್ತದೆ. ಮೊದಲು ನೀನು ಯಾರೆಂಬುದನ್ನು ನನಗೆ ತಿಳಿಸು ಎಂಬುದೇ ಆ ಅಂಕೆಯ ಅರ್ಥ. ತನಗೆ ಯಾವ ಬಗೆಯ ಗುರುತು ಬೇಕೆಂಬುದನ್ನೂ ಅದರೊಡನೆಯೇ ಹೇಳುತ್ತದೆ. ಬ್ರೌಸರು ನಮ್ಮಿಂದ ಹೆಸರು ಪಾಸ್‌ವರ್ಡುಗಳನ್ನು ಪಡೆದು ಮತ್ತೆ ಹೋಗುತ್ತದೆ. ಒಪ್ಪಿಗೆಯಾದರೆ ಪುಟವು ಬರುತ್ತದೆ. ಇದರ ನೆರೆಯವನಾದ '೪೦೧' ಎಂಬ ಇನ್ನೊಂದು ಅಂಕೆಯುಂಟು. ಅದನ್ನು ಕಳುಹಿಸುವುದು ಕಚೇರಿಯ ಕಾವಲಲ್ಲ. ನಾವು ಹೋಗಬೇಕೆಂದಿರುವ ದೂರದ ತಾಣ. ನಮ್ಮ ಕಚೇರಿಗಳಲ್ಲಿ ನಡೆಯುವ ಅರ್ಧ ಗೊಂದಲಕ್ಕೆ ಈ ಎರಡು ಬಾಗಿಲುಗಳ ಭೇದವನ್ನು ಯಾರೂ ತಿಳಿಸಿಕೊಡದಿರುವುದೇ ಕಾರಣ. ಇಲಾಖೆಯ ತಾಣದ ಪಾಸ್‌ವರ್ಡನ್ನು ಕಾವಲಿಗೂ, ಕಾವಲಿನ ಪಾಸ್‌ವರ್ಡನ್ನು ಇಲಾಖೆಯ ತಾಣಕ್ಕೂ ಒಪ್ಪಿಸಿ ಎರಡು ಕಡೆಯಲ್ಲಿಯೂ ತಿರಸ್ಕೃತರಾಗಿ ಕುಳಿತವರನ್ನು ನಾವು ನೋಡಿದ್ದೇವೆ.

ಸರಿಯಾದ ಹೆಸರುಳ್ಳ ಮನುಷ್ಯನೂ ಹೊರಗೆ ನಿಲ್ಲುವುದೇಕೆ ಎಂಬುದನ್ನು ಇನ್ನು ವಿಚಾರಿಸೋಣ. ಮೇಲೆ ಹೇಳಿದ ಗುಮಾಸ್ತರ ಸಂಗತಿಯನ್ನೇ ತೆಗೆದುಕೊಳ್ಳಬಹುದು. ಅವರು ಹಿಂದಿನ ದಿನ ನಿಯಮದಂತೆ ಪಾಸ್‌ವರ್ಡನ್ನು ಬದಲಾಯಿಸಿದ್ದರು. ಯಂತ್ರವು ಮಾತ್ರ ಹಳೆಯದನ್ನೇ ನೆನಪಿಟ್ಟುಕೊಂಡು, ಅವರಿಗೆ ತಿಳಿಯದಂತೆ, ಹಿಂಬದಿಯಲ್ಲಿ ಮತ್ತೆ ಮತ್ತೆ ಕಳುಹಿಸುತ್ತಿತ್ತು. ಇಂತಿಷ್ಟು ಸಲ ತಪ್ಪಿದವನ ಹೆಸರಿಗೆ ಬೀಗ ಹಾಕತಕ್ಕದ್ದೆಂಬ ಆಜ್ಞೆಯಿದ್ದ ಕಾವಲು ಬೀಗ ಹಾಕಿತು. ಆಮೇಲೆ ಅವರು ಸರಿಯಾದುದನ್ನೇ ಬರೆದರೂ ಪ್ರಯೋಜನವಾಗಲಿಲ್ಲ. ಇಲ್ಲಿ ತಪ್ಪು ಯಾರದು? ನಿಯಮವನ್ನು ಪಾಲಿಸಿದವನದಂತೂ ಅಲ್ಲ.

ಇನ್ನೂ ಕೆಲವು ಕಾರಣಗಳುಂಟು. ವಿಂಡೋಸ್ ಯಂತ್ರದಲ್ಲಿ ಕ್ರೋಮ್, ಎಡ್ಜ್ ಎಂಬ ಬ್ರೌಸರುಗಳು ಪ್ರಾಕ್ಸಿಯ ವಿಳಾಸವನ್ನು ಯಂತ್ರದ ಸಾಮಾನ್ಯ ಸೂಚನೆಗಳಿಂದಲೇ ತೆಗೆದುಕೊಳ್ಳುತ್ತವೆ. ಫೈರ್‌ಫಾಕ್ಸಿಗಾದರೋ ತನ್ನದೇ ಆದ ಪ್ರತ್ಯೇಕ ಸೂಚನೆಗಳನ್ನಿಡುವ ಸ್ಥಳವೂ ಇದೆ. ಹಿಂದೆ ಯಾರೋ ಅಲ್ಲಿ ಬರೆದಿಟ್ಟ ಹಳೆಯ ವಿಳಾಸವು ಹಾಗೆಯೇ ಉಳಿದಿದ್ದರೆ, ಒಂದೇ ಮೇಜಿನ ಮೇಲೆ ಒಂದು ಬ್ರೌಸರು ತೆರೆಯುವುದು, ಇನ್ನೊಂದು ತೆರೆಯದು. ಗಡಿಯಾರದ ದೋಷವು ಇನ್ನೊಂದು. ಯಂತ್ರದೊಳಗಿನ ಚಿಕ್ಕ ಬ್ಯಾಟರಿ ಸತ್ತು, ನಮ್ಮ ಕಡೆಯ ಮಳೆಗಾಲದ ಗುಡುಗು ಮಿಂಚಿಗೆ ವಿದ್ಯುತ್ತು ಹೋಗಿ ಬಂದರೆ, ಯಂತ್ರದ ಗಡಿಯಾರವು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಕೆರ್ಬೆರಾಸ್ ಎಂಬ ಗುರುತಿನ ಪದ್ಧತಿಯು ಸಾಮಾನ್ಯವಾಗಿ ೫ ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸುವುದಿಲ್ಲ. ಆಗ ಪಾಸ್‌ವರ್ಡು ಸರಿಯಿದ್ದರೂ ಬಾಗಿಲು ತೆರೆಯದು. ಯಾವ ಚೌಕವೂ ಗಡಿಯಾರವನ್ನು ನೋಡೆಂದು ಹೇಳುವುದೂ ಇಲ್ಲ.

ಕೆಲವು ಕಚೇರಿಗಳಲ್ಲಿ ಕಾವಲು ಚೌಕವನ್ನು ತೋರಿಸುವುದಿಲ್ಲ; ಬ್ರೌಸರನ್ನು ತನ್ನದೊಂದು ಲಾಗಿನ್ ಪುಟಕ್ಕೆ ಅಟ್ಟುತ್ತದೆ. ಆದರೆ ನಾವು ಕೇಳಿದ ಪುಟವು ಗೂಢಲಿಪಿಯದಾಗಿದ್ದರೆ, ಮಧ್ಯದಲ್ಲಿ ಬಂದು ಉತ್ತರ ಕೊಡುವವನನ್ನು ಮೋಸಗಾರನೆಂದು ತಿಳಿದು ಬ್ರೌಸರು ಎಚ್ಚರಿಕೆಯ ಪುಟವನ್ನು ಒಡ್ಡುತ್ತದೆ. ಬ್ರೌಸರು ಮಾಡಿದುದು ಸರಿಯೇ. ಆದರೆ ಗುಮಾಸ್ತನಿಗೆ ಕಾಣುವುದು ಭಯಂಕರವಾದ ಇಂಗ್ಲಿಷ್ ಬರಹ ಮಾತ್ರ. ಲಾಗಿನ್ ಪುಟವು ಕಾಣುವುದೇ ಇಲ್ಲ. ಇದರ ಪರಿಹಾರವೂ ಸರಳ: ಗೂಢಲಿಪಿಯಿಲ್ಲದ ಸಾದಾ ಪುಟವೊಂದನ್ನು, ಇಲ್ಲವೇ ಲಾಗಿನ್ ಪುಟದ ವಿಳಾಸವನ್ನೇ, ಮೊದಲು ತೆರೆಯತಕ್ಕದ್ದು. ಇಷ್ಟು ಚಿಕ್ಕ ಮಾತನ್ನು ಹೇಳುವವರಿಲ್ಲದೆ ದಿನದ ಪೂರ್ವಾರ್ಧವೇ ಕಳೆದುಹೋದ ಉದಾಹರಣೆಗಳುಂಟು. ಡಿಜಿಟಲ್ ಸಹಿಯ ತೊಡಕೂ ಇದೇ ಜಾತಿಯದು. ಸಹಿಯ ಕೀಲಿಯನ್ನು ಯಂತ್ರಕ್ಕೆ ಚುಚ್ಚಿದಾಗ ಹಲವು ಏರ್ಪಾಡುಗಳಲ್ಲಿ ಬ್ರೌಸರು ತನ್ನದೇ ಯಂತ್ರದಲ್ಲಿರುವ ಸಹಾಯಕ ತಂತ್ರಾಂಶದೊಡನೆ ಮಾತನಾಡಬೇಕು. ಆ ಮಾತನ್ನೂ ಪ್ರಾಕ್ಸಿಯ ಮೂಲಕವೇ ಕಳುಹಿಸೆಂದು ಸೂಚನೆಯಿದ್ದರೆ, ಪಕ್ಕದ ಕೋಣೆಯವನಿಗೆ ಹೇಳಬೇಕಾದುದನ್ನು ದೂರದೂರಿನ ಅಂಚೆಗೆ ಹಾಕಿದಂತಾಗಿ ಸಹಿಯು ಬೀಳುವುದಿಲ್ಲ.

ಇಂಥ ತೊಡಕುಗಳಿಂದ ಬೇಸತ್ತ ಜನರು ಏನು ಮಾಡುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಬಾಗಿಲು ತೆರೆಯುವ ಒಂದು ಹೆಸರನ್ನು ಹಿಡಿದುಕೊಂಡು ಎಲ್ಲರೂ ಅದರಲ್ಲಿಯೇ ಹೋಗುತ್ತಾರೆ. ಪಾಸ್‌ವರ್ಡು ಚೀಟಿಯಾಗಿ ಪರದೆಯ ಅಂಚಿಗೆ ಅಂಟಿಕೊಳ್ಳುತ್ತದೆ. ವರ್ಗವಾಗಿ ಹೋದವರ ಹೆಸರು ಅವರು ಹೋದ ಬಳಿಕವೂ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ಇನ್ನು ಕೆಲವರು ಕಾವಲಿನ ಸಹವಾಸವೇ ಬೇಡವೆಂದು ತಮ್ಮ ಮೊಬೈಲಿನ ಹಾಟ್‌ಸ್ಪಾಟನ್ನು ತೆರೆದು ಕಚೇರಿಯ ಯಂತ್ರವನ್ನು ಅದಕ್ಕೆ ಜೋಡಿಸುತ್ತಾರೆ. ಹೆಬ್ಬಾಗಿಲಿಗೆ ಬೀಗ ಹಾಕಿ ಹಿತ್ತಲ ಗೋಡೆಗೆ ಕಂಡಿ ಕೊರೆದಂತಾಯಿತು! ಅವರಲ್ಲಿ ಯಾರೂ ದ್ರೋಹಿಗಳಲ್ಲ. ಕಿಟಕಿಯ ಮುಂದೆ ನಿಂತ ಜನರ ಮುಖ ನೋಡಿ ಮರುಗಿದವರೇ ಹೆಚ್ಚು. ಅದರೊಡನೆ ಕಾನೂನಿನ ಅಂಜಿಕೆಯೂ ಇದೆ. ಸಕಾಲವೆಂದು ಹೆಸರಾದ ೨೦೧೧ರ ಕರ್ನಾಟಕದ ಕಾನೂನಿನ ಮೇರೆಗೆ, ನಿಯತವಾದ ಅವಧಿಯೊಳಗೆ ಸೇವೆಯನ್ನು ಸಲ್ಲಿಸದ ನೌಕರನು ದಿನವೊಂದಕ್ಕೆ ೨೦ ರೂಪಾಯಿಯಂತೆ, ಒಟ್ಟು ೫೦೦ ರೂಪಾಯಿಯವರೆಗೆ ಪರಿಹಾರವನ್ನು ತೆರಬೇಕಾಗುತ್ತದೆ. ತೆರಬೇಕಾದವನು ಗುಮಾಸ್ತ, ಬಾಗಿಲು ಮುಚ್ಚಿದ ಯಂತ್ರಕ್ಕೆ ಯಾವ ದಂಡವೂ ಇಲ್ಲ. ಒಂದು ನಿಯಮವು ಕೆಲಸವನ್ನು ಬೇಗ ಮುಗಿಸೆನ್ನುತ್ತದೆ, ಇನ್ನೊಂದು ನಿಯಮವು ಒಳಗೆ ಹೋಗಬೇಡವೆನ್ನುತ್ತದೆ. ಎರಡರ ನಡುವೆ ಸಿಕ್ಕಿದವನು ಮೂರನೆಯ ನಿಯಮವನ್ನು ಮುರಿಯುತ್ತಾನೆ.

ಇದರ ಫಲವೇನು? ೨೦೨೨ರ ಏಪ್ರಿಲ್ ೨೮ರಂದು ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆಯು ಹೊರಡಿಸಿದ ನಿರ್ದೇಶನಗಳ ಮೇರೆಗೆ, ಸರಕಾರಿ ಸಂಸ್ಥೆಗಳೂ ಕಂಪೆನಿಗಳೂ ತಮ್ಮ ಗಣಕ ವ್ಯವಸ್ಥೆಗಳ ದಾಖಲೆಗಳನ್ನು ೧೮೦ ದಿವಸಗಳ ಕಾಲ ಜೋಪಾನವಾಗಿಡತಕ್ಕದ್ದು. ಯಂತ್ರಗಳ ಗಡಿಯಾರಗಳನ್ನು ನಿಯತವಾದ ಕಾಲಮಾನಕ್ಕೆ ಸರಿಹೊಂದಿಸಿರತಕ್ಕದ್ದು. ಉದ್ದೇಶವು ಸ್ತುತ್ಯವಾದುದು. ಆದರೆ ಹತ್ತು ಜನ ಒಬ್ಬನ ಹೆಸರಿನಲ್ಲಿ ಒಳಹೊಕ್ಕ ಕಚೇರಿಯ ೧೮೦ ದಿವಸಗಳ ದಾಖಲೆಯು ಏನನ್ನು ಹೇಳೀತು? ಅದು ೧೮೦ ದಿವಸಗಳ ಸುಳ್ಳು ಸಾಕ್ಷ್ಯ. ನಾಳೆ ಒಬ್ಬ ರೈತನ ಭೂಮಿಯ ಕಾಗದದಲ್ಲಿ ಏನಾದರೂ ಮೋಸ ನಡೆದು ವಿಚಾರಣೆಯಾದರೆ, ಪಾಸ್‌ವರ್ಡನ್ನು ದಯೆಯಿಂದ ಎರವಲು ಕೊಟ್ಟ ನಿರಪರಾಧಿಯೇ ಉತ್ತರ ಹೇಳಬೇಕಾಗುತ್ತದೆ. ಅಪರಾಧಿಯು ಹತ್ತು ಜನರ ಗುಂಪಿನಲ್ಲಿ ಮರೆಯಾಗುತ್ತಾನೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದಲ್ಲದೆ ಬೇರೇನು? ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ನಮ್ಮ ನಾಡು ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಿತು. ಅಂದು ನೌಕರನ ಬೆರಳಿನ ಗುರುತನ್ನು ಕೇಳಿ ಒಳಗೆ ಬಿಡುವ ಏರ್ಪಾಡನ್ನು ಮಾಡಿದುದು, ಯಾರು ತಿದ್ದಿದರೆಂಬುದು ಎಂದಿಗೂ ಮರೆಯಾಗಬಾರದೆಂಬ ಕಾರಣಕ್ಕಾಗಿಯೇ. ಆ ಎಚ್ಚರವನ್ನು ನಾವು ಹೆಬ್ಬಾಗಿಲಿನಲ್ಲಿ ಕಳೆದುಕೊಳ್ಳಬಾರದು.

ನಮ್ಮ ಅಧಿಕಾರಿವರ್ಗದವರಿಗೆ ಖಜಾನೆಯ ಎರಡು ಬೀಗಗಳ ಪದ್ಧತಿಯು ಚೆನ್ನಾಗಿ ತಿಳಿದಿದೆ. ಎರಡು ಕೀಲಿಗಳು ಇಬ್ಬರ ಕೈಯಲ್ಲಿರುತ್ತವೆ. ಒಬ್ಬನು ರಜೆಯ ಮೇಲೆ ಹೋಗುವುದಾದರೆ ಬರವಣಿಗೆಯಲ್ಲಿ ವಹಿಸಿಕೊಟ್ಟು, ಪಡೆದವನ ರುಜು ತೆಗೆದುಕೊಂಡು ಹೋಗುತ್ತಾನೆ. ಕೀಲಿಯನ್ನು ಮೊಳೆಗೆ ತೂಗುಹಾಕಿ ಹೋದೆನೆಂದರೆ ಅಂಥವನ ನೌಕರಿಯು ಉಳಿಯುವುದೇ? ಪಾಸ್‌ವರ್ಡೂ ಒಂದು ಕೀಲಿಯೇ. ರಾಷ್ಟ್ರೀಯ ಸೂಚನಾವಿಜ್ಞಾನ ಕೇಂದ್ರವು ೨೦೨೨ರಲ್ಲಿ ಸರಕಾರಿ ನೌಕರರಿಗಾಗಿ ಹೊರಡಿಸಿದ ಸೂಚನೆಗಳಲ್ಲಿ, ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸಿಡಕೂಡದೆಂದು ಹೇಳಿದೆ. ಉಪದೇಶವು ಸರಿಯಾದುದು. ಆದರೆ ಉಳಿಸಿಡಬೇಡವೆಂದು ಹೇಳಿ, ದಿನಕ್ಕೆ ಹತ್ತು ಸಲ ಕೇಳುವ ಕಾವಲನ್ನಿಟ್ಟರೆ, ಮನುಷ್ಯನು ಅದನ್ನು ಚೀಟಿಯಲ್ಲಿ ಬರೆದಿಡದೆ ಏನು ಮಾಡಿಯಾನು? ಮನುಷ್ಯ ಸ್ವಭಾವವನ್ನು ಮರೆತು ಮಾಡಿದ ಕಟ್ಟಳೆಯು ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಕಾವಲು ಗುರುತು ಕೇಳುವ ಬಗೆಗಳಲ್ಲಿಯೂ ಉತ್ತಮ ಅಧಮಗಳುಂಟು. ಆಯ್ಕೆಯು ಮೇಲಿನವರ ಕೈಯಲ್ಲಿದೆ. 'ಬೇಸಿಕ್' ಎಂಬ ಹಳೆಯ ಬಗೆಯಲ್ಲಿ ಹೆಸರು ಪಾಸ್‌ವರ್ಡುಗಳನ್ನು ಬೇಸ್ ೬೪ ಎಂಬ ಲಿಪಿಗೆ ತಿರುಗಿಸಿ ಕಳುಹಿಸುತ್ತಾರೆ. ಇದು ಗೂಢಲಿಪಿಯಲ್ಲ, ಯಾರು ಬೇಕಾದರೂ ಕ್ಷಣಮಾತ್ರದಲ್ಲಿ ಹಿಂದಕ್ಕೆ ತಿರುಗಿಸಿ ಓದಬಹುದು. ಬ್ರೌಸರಿಗೂ ಪ್ರಾಕ್ಸಿಗೂ ನಡುವಣ ದಾರಿಯು ತೆರೆದುದಾಗಿದ್ದರೆ, ಕಚೇರಿಯ ತಂತಿಗೆ ಕಿವಿಗೊಟ್ಟವನಿಗೆ ಎಲ್ಲರ ಪಾಸ್‌ವರ್ಡೂ ದೊರೆಯಿತೆಂದೇ ತಿಳಿಯಬೇಕು. ಎನ್‌ಟಿಎಲ್‌ಎಂ ಎಂಬ ಇನ್ನೊಂದು ಬಗೆಯನ್ನು ಅದರ ಜನಕರಾದ ಮೈಕ್ರೋಸಾಫ್ಟಿನವರೇ ೨೦೨೪ರ ಜೂನ್ ತಿಂಗಳಲ್ಲಿ ತ್ಯಾಜ್ಯವೆಂದು ಸಾರಿದ್ದಾರೆ. ಕೆರ್ಬೆರಾಸ್ ಪದ್ಧತಿಯಲ್ಲಾದರೋ ನೌಕರನು ಬೆಳಿಗ್ಗೆ ಯಂತ್ರಕ್ಕೆ ಒಮ್ಮೆ ತನ್ನ ಗುರುತನ್ನು ತೋರಿಸಿದರೆ ಸಾಕು. ಆ ಬಳಿಕ ಬ್ರೌಸರು ಪಾಸ್‌ವರ್ಡನ್ನು ಕಳುಹಿಸದೆಯೇ ಒಂದು ಚೀಟಿಯನ್ನು ತೋರಿಸಿ ಹೆಬ್ಬಾಗಿಲನ್ನು ದಾಟುತ್ತದೆ. ಪದೇ ಪದೇ ಕೇಳುವ ಕಾಟವಿಲ್ಲ, ಎರವಲು ಕೊಡುವ ಪ್ರಸಂಗವೂ ಕಡಿಮೆ. ಭದ್ರತೆಯೂ ಸೌಕರ್ಯವೂ ಪರಸ್ಪರ ವಿರೋಧಿಗಳೆಂಬ ಮಾತು ಎಲ್ಲ ಕಡೆಯಲ್ಲಿಯೂ ನಿಜವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ನೌಕರರ ಮನಸ್ಸಿನಲ್ಲಿರುವ ಇನ್ನೊಂದು ಸಂಶಯವನ್ನೂ ಇಲ್ಲಿ ಹೇಳಬೇಕು. ಈ ಕಾವಲು ನಮ್ಮ ಕಾಗದಗಳನ್ನೆಲ್ಲ ಒಡೆದು ಓದುತ್ತದೆಯೇ? ಸಾಮಾನ್ಯವಾಗಿ ಗೂಢಲಿಪಿಯ ತಾಣಕ್ಕೆ ಹೋಗುವಾಗ ಪ್ರಾಕ್ಸಿಯು ತಾಣದ ಹೆಸರನ್ನು ಮಾತ್ರ ತಿಳಿದು, ಒಂದು ಕೊಳವೆಯನ್ನು ತೆರೆದುಕೊಟ್ಟು ಸುಮ್ಮನಾಗುತ್ತದೆ; ಒಳಗೆ ಹರಿಯುವ ಮಾತು ಅದಕ್ಕೆ ತಿಳಿಯುವುದಿಲ್ಲ. ಆದರೆ ಕಚೇರಿಯು ತನ್ನದೇ ಆದ ಮೂಲ ಪ್ರಮಾಣಪತ್ರವನ್ನು ಯಂತ್ರಗಳಲ್ಲಿ ನೆಲೆಗೊಳಿಸಿದ್ದರೆ, ಕಾವಲು ಲಕೋಟೆಯನ್ನು ಬಿಚ್ಚಿ ನೋಡಿ ಮತ್ತೆ ಅಂಟಿಸಿ ಕಳುಹಿಸಬಲ್ಲದು. ಹಾಗೆ ಮಾಡಲು ಕಾರಣಗಳಿರಬಹುದು. ಇದ್ದರೆ ಅದನ್ನು ನೌಕರರಿಗೆ ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದು. ತಿಳಿಸದ ಕಾವಲಿನ ಮೇಲೆ ಅಪನಂಬಿಕೆಯು ಬೆಳೆಯುತ್ತದೆ, ಅಪನಂಬಿಕೆಯಿಂದ ಕಳ್ಳದಾರಿಗಳು ಹುಟ್ಟುತ್ತವೆ. ಪ್ರಮಾಣಪತ್ರವನ್ನು ಸರಿಯಾಗಿ ನೆಲೆಗೊಳಿಸದೆ, ಎಚ್ಚರಿಕೆಯ ಪುಟ ಬಂದಾಗಲೆಲ್ಲ "ಮುಂದೆ ಹೋಗು" ಎಂಬುದನ್ನು ಒತ್ತಿರೆಂದು ಕಲಿಸುವ ಪದ್ಧತಿಯಂತೂ ಅತ್ಯಂತ ಹಾನಿಕರ. ಹಾಗೆ ಕಲಿತ ಕೈ ನಾಳೆ ನಿಜವಾದ ಕಳ್ಳನ ಮುಂದೆಯೂ ಅದನ್ನೇ ಒತ್ತುತ್ತದೆ.

ಭಾಷೆಯ ವಿಚಾರವನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ೧೯೬೩ರಲ್ಲಿಯೇ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡುವ ಕಾನೂನು ಬಂದಿದೆ. ಕಚೇರಿಯ ಪತ್ರಗಳು ಕನ್ನಡದಲ್ಲಿವೆ, ಮೊಹರುಗಳು ಕನ್ನಡದಲ್ಲಿವೆ; ಫೈರ್‌ಫಾಕ್ಸಿನಂಥ ಬ್ರೌಸರೂ ಕನ್ನಡದಲ್ಲಿ ದೊರೆಯುತ್ತದೆ. ಹೆಬ್ಬಾಗಿಲ ಕಾವಲುಗಾರನು ಮಾತ್ರ ಇಂಗ್ಲಿಷಿನಲ್ಲಿ ಗದರಿಸುತ್ತಾನೆ. ಇದು ಯಂತ್ರದ ಅಸಾಮರ್ಥ್ಯವೆಂದು ಯಾರೂ ನಂಬಬೇಕಾಗಿಲ್ಲ. ೧೯೯೬ರಿಂದ ಬೆಳೆದುಬಂದು ಲೋಕದಾದ್ಯಂತ ಬಳಕೆಯಲ್ಲಿರುವ ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶವು ಎಲ್ಲರಿಗೂ ಮುಕ್ತವಾದುದು. ಅದು ತೋರಿಸುವ ತಡೆಯ ಪುಟವನ್ನು ಕಚೇರಿಯವರು ತಮಗೆ ಬೇಕಾದ ಭಾಷೆಯಲ್ಲಿ, ಬೇಕಾದ ಮಾತುಗಳಲ್ಲಿ ಬರೆದಿಡಬಹುದು. "ಇದು ಕಚೇರಿಯ ಹೆಬ್ಬಾಗಿಲು. ತಮ್ಮ ಪಾಸ್‌ವರ್ಡು ಸರಿಹೊಂದಲಿಲ್ಲ. ನಿನ್ನೆ ಬದಲಾಯಿಸಿದ್ದರೆ ಹಳೆಯದನ್ನು ಅಳಿಸಿ, ಗಡಿಯಾರವನ್ನು ನೋಡಿ, ಆಗದಿದ್ದರೆ ಇಂಥವರಿಗೆ ಕರೆಮಾಡಿ" ಎಂದು ನಾಲ್ಕು ಸಾಲು ಕನ್ನಡವನ್ನು ಅಲ್ಲಿ ಬರೆಯಲು ಎಷ್ಟು ಹಣ ಬೇಕು? ಒಂದು ಕಾಸೂ ಬೇಡ. ಬೇಕಾದುದು ನಮ್ಮ ಕೆಲಸವನ್ನು ನಮ್ಮ ಮಾತಿನಲ್ಲಿ ನಾವೇ ನಡೆಸಬೇಕೆಂಬ ಮನಸ್ಸು ಮಾತ್ರ. ಪ್ರತಿಯೊಂದು ತೊಡಕಿಗೂ ದೂರದ ನಗರದಿಂದ ಗುತ್ತಿಗೆದಾರನ ಮನುಷ್ಯನು ಬರುವ ತನಕ ಕೈಕಟ್ಟಿ ಕುಳಿತಿರುವುದು ಸ್ವತಂತ್ರ ದೇಶದ ಕಚೇರಿಗೆ ಶೋಭಿಸತಕ್ಕದ್ದಲ್ಲ.

ಹಾಗಾದರೆ ಆಗಬೇಕಾದುದೇನು? ಮೊತ್ತಮೊದಲು, ಪ್ರತಿಯೊಬ್ಬ ನೌಕರನಿಗೂ, ಆತನು ದಿನಗೂಲಿಯವನೇ ಆಗಿರಲಿ, ಸ್ವಂತ ಹೆಸರಿನ ಪ್ರವೇಶವಿರತಕ್ಕದ್ದು. ವರ್ಗವಾಗಿ ಬಂದ ದಿನವೇ ಅದು ದೊರೆಯಬೇಕು, ಹೋದ ದಿನವೇ ಮುಗಿಯಬೇಕು. ಎರಡನೆಯದಾಗಿ, ಪ್ರಾಕ್ಸಿಯ ವಿಳಾಸವನ್ನು ಯಂತ್ರಯಂತ್ರಕ್ಕೂ ಕೈಯಿಂದ ಬರೆಯುವ ಪದ್ಧತಿಯು ನಿಲ್ಲಬೇಕು. ಯಾವ ತಾಣಕ್ಕೆ ಪ್ರಾಕ್ಸಿಯ ಮೂಲಕ ಹೋಗಬೇಕು, ಯಾವುದಕ್ಕೆ ನೇರವಾಗಿ ಹೋಗಬೇಕೆಂಬುದನ್ನು ಒಂದೇ ಕಡೆಯಲ್ಲಿ ಬರೆದಿಟ್ಟು ಎಲ್ಲ ಬ್ರೌಸರುಗಳಿಗೂ ಓದಿಸುವ ಪ್ಯಾಕ್ ಕಡತದ ಏರ್ಪಾಡನ್ನು ನೆಟ್‌ಸ್ಕೇಪಿನವರು ೧೯೯೬ರಲ್ಲಿಯೇ ಮಾಡಿಕೊಟ್ಟಿದ್ದಾರೆ. ಡಿಜಿಟಲ್ ಸಹಿಯ ತೊಡಕು ಇದರಿಂದಲೇ ನಿವಾರಣೆಯಾಗುತ್ತದೆ. ಮೂರನೆಯದಾಗಿ, ಪಾಸ್‌ವರ್ಡು ತೆರೆದ ದಾರಿಯಲ್ಲಿ ಸಂಚರಿಸಕೂಡದು; ಹಳೆಯ ಬಗೆಗಳನ್ನು ಬಿಟ್ಟು, ಬೆಳಿಗ್ಗೆ ಒಮ್ಮೆ ಗುರುತು ತೋರಿಸಿದರೆ ಸಾಕಾಗುವ ಪದ್ಧತಿಗೆ ಕಚೇರಿಗಳು ಬರಬೇಕು. ನಾಲ್ಕನೆಯದಾಗಿ, ಯಂತ್ರಗಳ ಗಡಿಯಾರಗಳು ತಾವಾಗಿಯೇ ಸರಿಹೋಗುವಂತಿರಬೇಕು. ಸತ್ತ ಬ್ಯಾಟರಿಗಳನ್ನು ಮಳೆಗಾಲಕ್ಕೆ ಮೊದಲೇ ಬದಲಾಯಿಸಬೇಕು. ಐದನೆಯದಾಗಿ, ಪ್ರತಿಯೊಂದು ಕಚೇರಿಯ ಗೋಡೆಯ ಮೇಲೂ ಕನ್ನಡದ ಒಂದು ಹಾಳೆಯ ಸೂಚನೆಯಿರಬೇಕು. ಅದರಲ್ಲಿ ಪಾಸ್‌ವರ್ಡು ಇರಕೂಡದು. ಬಾಗಿಲು ತೆರೆಯದಾಗ ನೋಡಬೇಕಾದ ನಾಲ್ಕು ಸಂಗತಿಗಳೂ, ಉತ್ತರ ಹೇಳಬೇಕಾದ ಒಬ್ಬ ಜವಾಬ್ದಾರ ಮನುಷ್ಯನ ಹುದ್ದೆಯೂ ಇರಬೇಕು. ಕೊನೆಯದಾಗಿ, ಹೆಬ್ಬಾಗಿಲು ಕೆಟ್ಟು ಸೇವೆಯು ತಡವಾದರೆ ಅದರ ಹೊತ್ತನ್ನು ಬರೆದಿಟ್ಟು, ಆ ದೋಷವನ್ನು ಗುಮಾಸ್ತನ ತಲೆಯ ಮೇಲೆ ಹೊರಿಸದಿರುವ ನ್ಯಾಯಬುದ್ಧಿ ಮೇಲಧಿಕಾರಿಗಳಲ್ಲಿರಬೇಕು.

ಇದಕ್ಕೆ ಎರಡು ಕಡೆಯಿಂದ ಆಕ್ಷೇಪಣೆಗಳು ಬರುವುವೆಂದು ನಾವು ಬಲ್ಲೆವು. ಇಷ್ಟು ತೊಂದರೆ ಕೊಡುವ ಕಾವಲನ್ನು ತೆಗೆದುಹಾಕಿಬಿಡಬಾರದೇಕೆ ಎಂದು ಕೆಲವರು ಕೇಳುವರು. ಜನರ ಆಸ್ತಿಪಾಸ್ತಿಗಳ ಕಾಗದಗಳಿರುವ ಕಚೇರಿಯನ್ನು ಬಾಗಿಲಿಲ್ಲದೆ ಬಿಡಬೇಕೆನ್ನುವ ಮಾತನ್ನು ನಾವು ಒಪ್ಪಲಾರೆವು. ಶಿರಾಡಿ ಘಾಟಿಯ ಬುಡದಲ್ಲಿ ವಾಹನಗಳನ್ನು ತಡೆದು ನೋಡುವ ತಪಾಸಣೆಯಿಂದ ಪ್ರಯಾಣಿಕನಿಗೆ ತುಸು ತಡವಾಗುತ್ತದೆಂದು ಕಾಡನ್ನು ಕಳ್ಳರಿಗೆ ಒಪ್ಪಿಸುವುದುಂಟೇ? ಇನ್ನು ಕೆಲವರು, ದೋಷವೆಲ್ಲ ನೌಕರರ ಅಜ್ಞಾನದ್ದು, ಅವರನ್ನು ಶಿಕ್ಷಿಸಿದರೆ ಸರಿಹೋಗುವುದೆನ್ನುವರು. ಕಲಿಸದೆ ಶಿಕ್ಷಿಸುವವನು ಉಪಾಧ್ಯಾಯನೂ ಅಲ್ಲ, ಅಧಿಕಾರಿಯೂ ಅಲ್ಲ. ವಂಚನೆಯಿಂದ ಪರರ ಪಾಸ್‌ವರ್ಡನ್ನು ಬಳಸಿದವನಿಗೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ೩ ವರ್ಷಗಳವರೆಗಿನ ಸಜೆಯೂ ೧ ಲಕ್ಷ ರೂಪಾಯಿಯವರೆಗಿನ ಜುಲ್ಮಾನೆಯೂ ಇವೆ. ಆ ದಂಡವು ವಂಚಕನಿಗಾಗಿ ಇರುವುದು. ದಾರಿ ಕಾಣದೆ ನೆರೆಯವನ ಕೀಲಿಯನ್ನು ಬೇಡಿದವನಿಗಾಗಿ ಅಲ್ಲ. ಅಂಥವನಿಗೆ ಬೇಕಾದುದು ಆತ್ಮೀಯವಾದ ಒಂದು ಗಂಟೆಯ ಪಾಠ.

ಪೇಟೆಯ ಮಹಾಜನರಿಗೂ ಒಂದು ಮಾತುಂಟು. ಕಿಟಕಿಯ ಮುಂದೆ ನಿಂತು, ಇನ್ನೊಬ್ಬರ ಹೆಸರಿನಲ್ಲಾದರೂ ಮಾಡಿಕೊಡಿ ಎಂದು ಗುಮಾಸ್ತನನ್ನು ಒತ್ತಾಯಿಸುವವರು ನಾವೇ ಅಲ್ಲವೇ? ಇಂದು ನಮ್ಮ ಕೆಲಸಕ್ಕಾಗಿ ಹೊರಬಿದ್ದ ಕೀಲಿಯು ನಾಳೆ ನಮ್ಮ ಪಹಣಿಯ ಮೇಲೆಯೇ ಕೈಯಿಟ್ಟೀತು. ಒತ್ತಾಯ ಮಾಡುವುದಾದರೆ ಬಾಗಿಲು ಸರಿಪಡಿಸಬೇಕೆಂದು ಒತ್ತಾಯ ಮಾಡೋಣ. ಅರ್ಜಿ ಬರೆಯುವುದಾದರೆ ಅದಕ್ಕಾಗಿ ಬರೆಯೋಣ.

ಆ ವೃದ್ಧ ಕೃಷಿಕರು ಕೇಳಿದ ಪ್ರಶ್ನೆಯು ಇನ್ನೂ ಉತ್ತರವಿಲ್ಲದೆ ನಿಂತಿದೆ. "ಯಾರು ಬಿಡುವುದಿಲ್ಲ?" ಯಂತ್ರವಂತೂ ಅಲ್ಲ, ಯಂತ್ರವು ತನಗೆ ಬರೆದುಕೊಟ್ಟುದನ್ನು ಮಾತ್ರ ಮಾಡುತ್ತದೆ. ಗುಮಾಸ್ತನೂ ಅಲ್ಲ, ಆತನೂ ಕಿಟಕಿಯ ಆಚೆಗೆ ಅದೇ ಬಾಗಿಲಿನ ಹೊರಗೆಯೇ ನಿಂತಿದ್ದನು. ಬಾಗಿಲನ್ನಿಟ್ಟು, ಅದರ ಕೀಲಿಯ ಹೊಣೆಯನ್ನು ಯಾರಿಗೂ ವಹಿಸದೆ ಎದ್ದು ಹೋದವರು ಬಿಡುವುದಿಲ್ಲ. ಅವರು ಮೊದಲು ಮರಳಿ ಬಂದು ಆ ಹೊಣೆಯನ್ನು ಬರವಣಿಗೆಯಲ್ಲಿ ಒಬ್ಬರಿಗೆ ವಹಿಸಿಕೊಡಲಿ. ಸಂಬಂಧಪಟ್ಟ ಅಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಇತ್ತ ಗಮನವೀಯುವರೆಂದೂ, ಮೊದಲ ಬಸ್ಸಿಗೆ ಬಂದವರು ಮಧ್ಯಾಹ್ನದ ಬಸ್ಸಿಗೆ ಕಾಗದವನ್ನು ಹಿಡಿದುಕೊಂಡು ಮನೆಗೆ ಮರಳುವ ದಿನವು ಬರುವುದೆಂದೂ ನಂಬುತ್ತೇವೆ.